ಪ್ರಫುಲ್ಲಾಳ ಮಾಳಿಗೆಯ ಬಿಸಿಲು

ನಾಚಾರಂನ ಆ ಗಲ್ಲಿಯಲ್ಲಿ ಸೂರ್ಯ ದಿನಾ ಮೂಡಿ ಬರುತ್ತಿದ್ದುದೇ ಪ್ರಫುಲ್ಲಾಳ ಹಪ್ಪಳ ಒಣಗಿಸುವುದಕ್ಕೆ. ಆಕೆಯ ಕೆಲಸ ಮುಗಿದ ಮೇಲೆ ಉಳಿದ ಬಿಸಿಲು ಹೈದರಾಬಾದಿನ ಪಾಲಿಗೆ. ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಉದ್ದಿನ ಹಪ್ಪಳ, ಅಕ್ಕಿ ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ಹರವಿದಳೆಂದರೆ ಕಾಗೆಗಳು ಕೂಡ ಸರದಿಯಲ್ಲಿ ಕೂತು ಕಾಯುತ್ತಿದ್ದವು. ಕೂಕಟ್‌ಪಲ್ಲಿಯ ಅಪಾರ್ಟ್‌ಮೆಂಟುಗಳಲ್ಲಿದ್ದ ಕನ್ನಡದ ಹೆಂಗಸರು, ಪ್ರಫುಲ್ಲಾಳ ಹಪ್ಪಳ ಬಂತೆಂದರೆ, ಲಿಫ್ಟಿಗೂ ಕಾಯದೆ ಎಂಟು ಮಹಡಿ ಇಳಿದು ಓಡಿ ಬರುತ್ತಿದ್ದರು. ಇಪ್ಪತ್ತು ವರ್ಷ ಮನೆಯವರಿಗೆ ಬಡಿಸಿ ಬಡಿಸಿ ಸವೆದ ಕೈಗೆ ಈ ಆರು ವರ್ಷದಿಂದ ತನ್ನದೇ ಒಂದು ಹೆಸರು ಬಂದಿತ್ತು. ಆ ಹೆಸರಿನ ಅರ್ಧ ಬಂಡವಾಳ ಉದ್ದಿನ ಹಿಟ್ಟು, ಇನ್ನರ್ಧ ಬೆಳಗಿನ ಬಿಸಿಲು.

ದೀಪಾವಳಿ ಮುಗಿದ ನಾಲ್ಕನೇ ದಿನ ಮೂಡಣ ಮಗ್ಗುಲಿನ ಖಾಲಿ ಜಾಗಕ್ಕೆ ಜೆಸಿಬಿ ಬಂತು. ಮೂವತ್ತು ವರ್ಷದಿಂದ ಜಾಲಿ ಗಿಡ ಬೆಳೆದು ಯಾರದೋ ಎಮ್ಮೆ ಮಲಗುತ್ತಿದ್ದ ಜಾಗ ಒಂದೇ ಮಧ್ಯಾಹ್ನದಲ್ಲಿ ಬೋಳಾಯಿತು. ಮರುದಿನ ಒಂದು ಬೋರ್ಡು ನಿಂತಿತು: ಕೆಳಗೆ ಗಾಡಿ ನಿಲ್ಲಿಸಲು ಬರೀ ಕಂಬ, ಅದರ ಮೇಲೆ ಐದು ಮಹಡಿ, ಹದಿನೈದು ಮನೆ.

ಪ್ರಫುಲ್ಲಾಳ ಮಗಳು ಲಹರಿ ಅಮೀರ್‌ಪೇಟ್‌ನಲ್ಲಿ ಕಂಪ್ಯೂಟರಿನ ಮೇಲೆ ಕಟ್ಟಡದ ನಕ್ಷೆ ಬರೆಯುವುದನ್ನು ಕಲಿಯುತ್ತಿದ್ದಳು. ಅಂದು ಬೆಳಿಗ್ಗೆ ಬಸ್ಸಿಗೆ ಹೊರಟವಳು ಬೋರ್ಡು ನೋಡಿ, ಚಪ್ಪಲಿ ಬಿಡದೆ ಅಡುಗೆಮನೆಗೆ ವಾಪಸು ನುಗ್ಗಿದಳು.

"ಅವ್ವಾ, ಹೋತು! ನಿನ್ನ ಬಿಸಿಲು ಹೋತು!"

"ಚಪ್ಪಲ್ ಬಿಡ ಮೊದಲ. ಎಲ್ಲಿ ಹೋತು ಬಿಸಿಲು?"

"ಐದು ಮಹಡಿ ಏಳತೈತಿ. ಹತ್ತೂವರಿ ತನಕ ನಮ್ಮ ಮಾಳಿಗಿ ಮ್ಯಾಲ ಒಂದು ಕಿರಣ ಬೀಳೂದಿಲ್ಲ. ಪೂರ್ತಿ ಬಿಸಿಲು ಹನ್ನೊಂದಕ್ಕ."

ಪ್ರಫುಲ್ಲಾಳ ಕೈಯಲ್ಲಿದ್ದ ಉಪ್ಪಿಟ್ಟಿನ ಸೌಟು ಹಾಗೇ ನಿಂತಿತು. ಹಪ್ಪಳಕ್ಕೆ ಬೇಕಾದದ್ದು ಎಳೆ ಬಿಸಿಲು. ಹನ್ನೊಂದರ ಬಿಸಿಲಿಗೆ ಒಮ್ಮೆಲೇ ಒಡ್ಡಿದರೆ ಅಂಚು ಸೀಳಿ, ಹಪ್ಪಳ ಹಳೆಯ ಚಪ್ಪಲಿಯ ಅಟ್ಟೆಯಂತಾಗುತ್ತದೆ.

"ಯಾರು ಏಳಿಸ್ತಾರ ನೋಡ್ತೀನಿ!" ಎಂದು ಊಟದ ಮೇಜಿನಿಂದ ಗುಡುಗಿದವರು ಆಕೆಯ ಗಂಡ ಶಾಂತಪ್ಪ. ಕೇಂದ್ರ ಸರಕಾರದ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಅಳತೆ ಪರೀಕ್ಷೆಯ ಕೆಲಸ ಮಾಡಿ ಹೋದ ವರ್ಷ ನಿವೃತ್ತರಾಗಿದ್ದರು. ಅಂದಿನಿಂದ ಅಳೆಯಲು ಏನೂ ಸಿಗದೆ ರೊಟ್ಟಿಯ ದುಂಡು, ಸೀರೆಯ ಉದ್ದ, ಹಾಲಿನವನ ಚೊಂಬು ಎಲ್ಲವನ್ನೂ ಅಳೆದು ಮನೆಯವರ ಜೀವ ಹಿಂಡಿದ್ದರು. ಈಗ ಅವರ ಮುಖದಲ್ಲಿ ಮದುವೆ ಗಂಡಿನ ಕಳೆ ಬಂತು. "ನನ್ನ ಕೈಯಾಗ ಒಂದು ಕೂದಲೆಳಿ ಹೆಚ್ಚುಕಮ್ಮಿ ಆದ ಕಬ್ಬಿಣ ಎಂದೂ ಪಾಸ್ ಆಗಿಲ್ಲ. ಇವನ ಬಿಲ್ಡಿಂಗ್ ಪಾಸ್ ಆಗತೈತೇನು? ಲಹರಿ, ಟೇಪ್ ತಾ!"

"ಉಪ್ಪಿಟ್ಟು ತಿಂದು ಅಳೀರಿ, ಆರಿಹೋಗತೈತಿ."

"ಉಪ್ಪಿಟ್ಟು ಓಡಿ ಹೋಗೂದಿಲ್ಲ, ಬಿಲ್ಡರ್ ಓಡಿ ಹೋಗ್ತಾನ!"

ಮೂಲೆಯಲ್ಲಿ ಎಲೆ-ಅಡಿಕೆ ಕುಟ್ಟುತ್ತಿದ್ದ ಶಾಂತಪ್ಪನ ತಾಯಿ ಬಂಡೆಮ್ಮ ತಲೆ ಎತ್ತದೆ ಹೇಳಿದಳು: "ಅವ ಯಾಕ ಓಡತಾನೋ? ಅವನ ಜಾಗಾದಾಗ ಅವ ಕಟ್ಟಾಕತ್ತಾನ. ಓಡ್ಯಾಡಾಕತ್ತಿದ್ದು ನೀನ."

ಒಂದು ವಾರ ಶಾಂತಪ್ಪ ಅಳೆದರು. ಬೆಳಿಗ್ಗೆ ಅಳೆದು, ಮಧ್ಯಾಹ್ನ ಅದು ಹಿಗ್ಗಿರಬಹುದೆಂದು ಮತ್ತೆ ಅಳೆದರು. ಕಾಂಪೌಂಡ್ ಗೋಡೆ ಹತ್ತಿ, ಇಳಿದು, ಅಡಿಪಾಯದ ಗುಂಡಿಗೆ ದಾರ ಬಿಟ್ಟು, ಕೊನೆಗೆ ಹಾಳೆಗಟ್ಟಲೆ ನಕ್ಷೆ ಬರೆದು ದೂರು ಕೊಟ್ಟರು. ಅತ್ತ ಬಂಡೆಮ್ಮ ಗೋಡೆಯ ಮೇಲಿಂದ ಕೂಲಿಯವರ ಜೊತೆ ಮಾತಿಗಿಳಿದು, ಮೇಸ್ತ್ರಿ ಅಮರಯ್ಯ ತನ್ನ ತವರಾದ ಸುರಪುರದ ಕಡೆಯವನೆಂದು ಎರಡೇ ನಿಮಿಷದಲ್ಲಿ ಪತ್ತೆಹಚ್ಚಿದ್ದಳು. ಅಲ್ಲಿದ್ದ ಇಪ್ಪತ್ತೆಂಟು ಮಂದಿಯೂ ಯಾದಗಿರಿ, ರಾಯಚೂರು ಕಡೆಯವರೇ. ಸಾಯಂಕಾಲಕ್ಕೆ ಒಂದು ಕೊಡ ಮಜ್ಜಿಗೆ, ಒಂದು ಬೋಗುಣಿ ಶೇಂಗಾ ಚಟ್ನಿ ಗೋಡೆ ದಾಟಿತ್ತು.

"ಅತ್ತೀ, ನಾವು ದೂರು ಕೊಟ್ಟೀವಿ, ನೀವು ಮಜ್ಜಿಗಿ ಕೊಡಾಕತ್ತೀರಿ!" ಎಂದು ಪ್ರಫುಲ್ಲಾ ಸಿಡಿದಳು.

"ದೂರು ಬಿಲ್ಡರ್‌ಗ, ಮಜ್ಜಿಗಿ ಅಮರಯ್ಯಗ. ಎರಡೂ ಒಂದ ಬಾಯಿಗೆ ಹೋಗ್ತಾವೇನು?"

ಎರಡನೇ ಸೋಮವಾರ ಪಟ್ಟಣ ಯೋಜನೆಯ ಆಫೀಸಿನಲ್ಲಿ ವಿಚಾರಣೆ. ಶಾಂತಪ್ಪ ಇಸ್ತ್ರಿ ಅಂಗಿ ತೊಟ್ಟರು. ಪ್ರಫುಲ್ಲಾ ಹೊಸ ಸೀರೆ ಉಟ್ಟು, ನ್ಯಾಯ ಗೆದ್ದು ಬಂದವರಿಗೆಂದು ಮುಂಜಾನೆಯೇ ಹೋಳಿಗೆಯ ಹೂರಣ ರುಬ್ಬಿಟ್ಟು ಜೊತೆಗೆ ಹೋದಳು. ಬಿಲ್ಡರ್ ರವಿಶಂಕರ್ ಅಲ್ಲಿಗೆ ಮೊದಲೇ ಬಂದು ಕೂತಿದ್ದ. ಮನೆಮಾತು ತೆಲುಗಾದರೂ ರಾಯಚೂರಿನಲ್ಲಿ ಓದಿದವನು, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಎದ್ದು ನಿಂತು, "ನಮಸ್ಕಾರ ಅಕ್ಕಾ, ಕುಂದ್ರಿ" ಎಂದು ಕುರ್ಚಿ ಬಿಟ್ಟುಕೊಟ್ಟ. ವೈರಿ ಹೀಗೆ ಮರ್ಯಾದಸ್ಥನಾಗಿದ್ದರೆ ಜಗಳ ಮಾಡುವುದಾದರೂ ಹೇಗೆ?

ಸಾಹೇಬರು ಶಾಂತಪ್ಪನ ನಕ್ಷೆ ಬಿಡಿಸಿ ನೋಡಿದರು. ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. "ಚಾಲಾ ಬಾಗುಂದಿ!" ಎಂದು ತೆಲುಗಿನಲ್ಲೇ ಮೆಚ್ಚಿ ತಲೆದೂಗಿ ಪಕ್ಕದ ಸಿಬ್ಬಂದಿಯನ್ನೂ ಕರೆದು ತೋರಿಸಿದರು. ಶಾಂತಪ್ಪ ಉಬ್ಬಿದ ಉಬ್ಬಿಗೆ ಅಂಗಿಯ ಗುಂಡಿ ಹಾರುವುದೊಂದು ಬಾಕಿ. ಆಮೇಲೆ ಸಾಹೇಬರು ಅದೇ ನಕ್ಷೆಯ ಮೇಲೆ ಬೆರಳಿಟ್ಟು, ಇಷ್ಟು ಎತ್ತರದ ಕಟ್ಟಡ ಗಡಿಯಿಂದ ಆರೂವರೆ ಅಡಿ ಬಿಡಬೇಕು, ನಿಮ್ಮದೇ ಅಳತೆಯ ಪ್ರಕಾರ ನಿಮ್ಮ ಗೋಡೆಯಿಂದ ಆರು ಅಡಿ ಒಂಬತ್ತು ಇಂಚು ಬಿಟ್ಟಿದ್ದಾರೆ, ತಪ್ಪಿಲ್ಲ, ಬಿಸಿಲಿಗೆ ಪ್ರತ್ಯೇಕ ಕಾನೂನಿಲ್ಲ ಎಂದು ದೂರು ಮುಗಿಸಿಬಿಟ್ಟರು.

ಬರುವಾಗ ಆಟೋದಲ್ಲಿ ಪ್ರಫುಲ್ಲಾ ತುಟಿ ಬಿಚ್ಚಲಿಲ್ಲ. ಮನೆ ಬಾಗಿಲು ದಾಟುತ್ತಲೇ ಬಿಚ್ಚಿದಳು.

"ಮಂದಿ ಕೇಸ್ ಸೋಲೂದು ನೋಡೇನಿ. ತನ್ನ ಕೈಯಾರ ನಕ್ಷಾ ಬರದು ಎದುರಿನವನಿಗೆ ಗೆಲ್ಲಿಸಿ ಕೊಡೂದು ಇವತ್ತ ನೋಡಿದ್ನಿ!"

"ಅಳತಿ ಅಂದ್ರ ಅಳತಿ. ಸುಳ್ಳು ಬರೀಲೇನು?"

"ನಾಕು ಇಂಚು ಕಮ್ಮಿ ಬರಿಯಾಕ ನಿಮಗೇನು ಧಾಡಿ ಆಗಿತ್ತು?"

"ಅವ್ವಾ, ಅಪ್ಪಗ ಸುಳ್ಳು ಬರಿಯಂತ ಹೇಳಬ್ಯಾಡ," ಎಂದಳು ಲಹರಿ. "ಹೋಳಿಗಿ ಮಾಡ್ತಿಯೋ, ಇಲ್ಲೋ?"

"ಹೂರಣ ರುಬ್ಬೇನಿ, ಚೆಲ್ಲಲೇನು? ಸೋತ ಹೋಳಿಗಿ ತಿನ್ನ್ರಿ!"

ಸೋತ ಹೋಳಿಗೆ, ತುಪ್ಪ ಹಾಕಿದ ಮೇಲೆ, ಗೆದ್ದ ಹೋಳಿಗೆಯಷ್ಟೇ ರುಚಿಯಾಗಿತ್ತು. ಶಾಂತಪ್ಪ ನಾಲ್ಕನೆಯದಕ್ಕೆ ಕೈ ಹಾಕಿ, "ನಮ್ಮ ಗಡಿಯಿಂದ ಆರು ಅಡಿ ಒಂಬತ್ತು ಇಂಚು, ಒಂದು ದಾರದಷ್ಟೂ ತಪ್ಪಿಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು.

ಬಂಡೆಮ್ಮ ಹೋಳಿಗೆ ಮುರಿಯುವುದನ್ನು ನಿಲ್ಲಿಸಿದಳು. "ಏನಂದಿ? ಯಾವುದು ಗಡಿ?"

"ಗ್ವಾಡಿ."

"ಗ್ವಾಡಿ ನಮ್ಮ ಗಡಿ ಅಂತ ನಿನಗ ಯಾರ ಹೇಳಿದ್ರೋ ಶಾಂತು?"

"ಗ್ವಾಡಿ ಗಡಿ ಅಲ್ದ ಮತ್ತೇನವ್ವಾ?"

"ಹಂಗಾದ್ರ ಸುಣ್ಣ ಎಲ್ಲಿ ನಿಂತು ಬಳೀತೀವಿ? ಮಂದಿ ಹೊಲದಾಗ?"

ಬಂಡೆಮ್ಮನಿಗೆ ಇದೇನು ದೊಡ್ಡ ಗುಟ್ಟಲ್ಲ, ಹಾಗಾಗಿ ಇಷ್ಟು ದಿನ ಹೇಳಬೇಕೆಂದೂ ಅನ್ನಿಸಿರಲಿಲ್ಲ. ಆಕೆಯ ಊರಿನಲ್ಲಿ ಯಾರೂ ಗಡಿಯ ಮೇಲೇ ಗೋಡೆ ಎಬ್ಬಿಸುತ್ತಿರಲಿಲ್ಲ. ಗೋಡೆಯ ಹೊರಮೈಗೆ ಸುಣ್ಣ ಬಳಿಯುವಾಗ ಪರರ ನೆಲ ತುಳಿಯಬಾರದೆಂದು ಎರಡು ಅಡಿ ಸಂದಿ ಹೊರಗೆ ಬಿಟ್ಟು ಕಟ್ಟುವುದು ಪದ್ಧತಿ. ಆಕೆಯ ಗಂಡ ನೌಕರಿಗೆಂದು ಇಲ್ಲಿಗೆ ಬಂದು ಈ ಜಾಗ ಕೊಂಡಾಗಲೂ, ಪಡುವಣಕ್ಕೆ ಗಲ್ಲಿ ಇದ್ದುದರಿಂದ, ಮೂಡಣ ಗೋಡೆಯನ್ನು ಹಾಗೆಯೇ ಕಟ್ಟಿಸಿದ. ಸುತ್ತಲಿನವರು ನಕ್ಕಿದ್ದರು. ಹೈದರಾಬಾದಿನಲ್ಲಿ ಜಾಗ ಸಿಕ್ಕರೆ ಗೋಡೆಯನ್ನು ಹೊರಗೆ ತಳ್ಳುವವರೇ ಎಲ್ಲ. ಒಳಗೆ ಎಳೆದುಕೊಂಡವನು ಆ ಪುಣ್ಯಾತ್ಮನೊಬ್ಬನೇ.

"ನನಗ ಯಾಕ ಹೇಳಲಿಲ್ಲ?" ಶಾಂತಪ್ಪನ ದನಿ ಕೀರಲಾಯಿತು.

"ನಲವತ್ತು ವರ್ಷದಾಗ ಒಂದು ದಸರಾಕ್ಕ ನೀ ಸುಣ್ಣದ ಬ್ರಷ್ ಹಿಡದಿದ್ರ ತಾನ ಗೊತ್ತಾಗ್ತಿತ್ತು. ಪ್ರತಿ ವರ್ಷ ನಾನು, ನನ್ನ ಸೊಸಿ ಆ ಸಂದ್ಯಾಗ ನಿಂತು ಬಳದೀವಿ. ನೀ ಒಳಗ ಕುಂತು ಪೇಪರ್ ಓದಿದಿ."

"ನಾ ಖಾಲಿ ಜಾಗಾದಾಗ ನಿಂತೇನಿ ಅಂದ್ಕೊಂಡಿದ್ನಿ ಅತ್ತೀ!" ಎಂದಳು ಪ್ರಫುಲ್ಲಾ.

"ನಿನ್ನ ಜಾಗಾದಾಗ ನಿಂತಿದ್ದಿ ತಂಗಿ."

ಲಹರಿ ಆಗಲೇ ಟ್ರಂಕಿನಿಂದ ಹಳೆಯ ರಿಜಿಸ್ಟ್ರಿ ಕಾಗದ ಕಿತ್ತು ತಂದಿದ್ದಳು. ಜಾಗದ ಅಗಲ ನಲವತ್ತು ಅಡಿ. ಶಾಂತಪ್ಪ ಹೋಳಿಗೆಯ ಕೈಯಲ್ಲೇ ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಓಡಿದರು. ಮೂವತ್ತೆಂಟು! ಜಗತ್ತಿನ ಕಬ್ಬಿಣವನ್ನೆಲ್ಲ ಅಳೆದವರು ತಮ್ಮ ಮನೆಯನ್ನು ಅಳೆದದ್ದು ಅದೇ ಮೊದಲು.

"ಎರಡು ಅಡಿ ನಮ್ದು ಹೊರಗೈತಿ! ಅಂದ್ರ ಅವ ಬಿಟ್ಟಿದ್ದು ಆರು ಅಡಿ ಒಂಬತ್ತಲ್ಲ, ನಾಕು ಅಡಿ ಒಂಬತ್ತು! ಪ್ರಫುಲ್ಲಾ, ಇನ್ನೊಂದು ಹೋಳಿಗಿ ಹಾಕು!"

ಮರುದಿನ ಬೆಳಿಗ್ಗೆ ಗಡಿಕಲ್ಲು ಹುಡುಕುವ ಸಡಗರ. ಗಲ್ಲಿಗೆ ಗಲ್ಲಿಯೇ ಬಂದು ನೆರೆಯಿತು. ಹಲ್ಲುಜ್ಜುತ್ತಿದ್ದವರು ಬ್ರಷ್ ಬಾಯಲ್ಲಿಟ್ಟುಕೊಂಡೇ ಬಂದರು. ಹಾರೆ ಹಿಡಿದವನು ಬೇರಾರೂ ಅಲ್ಲ, ಬಿಲ್ಡರನದೇ ಮೇಸ್ತ್ರಿ ಅಮರಯ್ಯ; ಬಂಡೆಮ್ಮ ಕೂಗಿ ಕರೆದ ಮೇಲೆ ಅವನು ಇಲ್ಲವೆನ್ನುವನೇ? ಗೋಡೆಯ ಮೂಲೆಯಿಂದ ಎರಡು ಅಡಿ ಹೊರಗೆ ಮಣ್ಣು ತೆಗೆದರು. ಇಟ್ಟಿಗೆ ಚೂರು ಬಂತು, ಒಂದು ಬಳೆ ಬಂತು, ತುಕ್ಕು ಹಿಡಿದ ಡಬ್ಬಿ ಬಂತು. ಒಂದೂವರೆ ಅಡಿ ಇಳಿದಾಗ ಹಾರೆ ಠಣ್ ಎಂದಿತು. ಬಂಡೆಮ್ಮ ಸೆರಗಿನಿಂದ ಮಣ್ಣು ಒರೆಸಿದಳು. ಕಲ್ಲಿನ ನೆತ್ತಿಯ ಮೇಲೆ ಗೀರಿದ ಗುರುತು, ರಿಜಿಸ್ಟ್ರಿಯಲ್ಲಿ ಬರೆದ ಹಾಗೆಯೇ.

ಶಾಂತಪ್ಪ ಲುಂಗಿ ಎತ್ತಿಕಟ್ಟಿ ಕುಣಿದೇಬಿಟ್ಟರು. "ಇವತ್ತ ಸ್ಟೇ ತರ್ತೀನಿ! ಕೆಲಸ ಬಂದ್! ಹತ್ತು ವರ್ಷ ಕೇಸ್ ನಡೀಲಿ!"

ಗಲ್ಲಿಯವರು ಚಪ್ಪಾಳೆ ತಟ್ಟಿದರು. ಪ್ರಫುಲ್ಲಾಳೂ ತಟ್ಟಿದಳು. ತಟ್ಟುತ್ತಾ ತಟ್ಟುತ್ತಾ ಅಮರಯ್ಯನನ್ನು ನೋಡಿದಳು. ಅವನು ಹಾರೆಗೆ ಆತುಕೊಂಡು ನಿಂತಿದ್ದ.

"ಯವ್ವಾ," ಎಂದ ಅವನು ಬಂಡೆಮ್ಮನಿಗೆ, "ಕಲ್ಲು ತಗದಿದ್ದು ನಾನ. ಆದ್ರ ಕೆಲಸ ನಿಂತ್ರ ನಾವು ಇಪ್ಪತ್ತೆಂಟು ಮಂದಿ ಎಲ್ಲಿಗೆ ಹೋಗೂದು? ಇಲ್ಲೇ ಜೋಪಡಿ ಹಾಕ್ಕೊಂಡು ಇನ್ನ ತಿಂಗಳೂ ಆಗಿಲ್ಲ."

ಅಂದಿನಿಂದ ಮನೆ ಎರಡು ಪಾಲಾಯಿತು. ಶಾಂತಪ್ಪ ಒಂದು ಕಡೆ ಕೂತು ಅರ್ಜಿ ಬರೆದರು. ಬಂಡೆಮ್ಮ ಇನ್ನೊಂದು ಕಡೆ ಕೂತು, ಮಗನ ತಟ್ಟೆಯಲ್ಲಿ ತುಪ್ಪ ಹಾಕಬೇಡವೆಂದು ಸೊಸೆಗೆ ಆಜ್ಞೆ ಮಾಡಿದಳು. ನಡುವೆ ನಿಂತ ಪ್ರಫುಲ್ಲಾಳ ಕಷ್ಟ ಯಾರಿಗೆ ಹೇಳಬೇಕು? ಕೆಲಸ ನಿಂತರೆ ಆಕೆಗೆ ಲಾಭ. ಕೇಸು ಮುಗಿಯುವವರೆಗೆ ಬಿಸಿಲು ಆಕೆಯದೇ. ಆದರೆ ಮಾಳಿಗೆ ಹತ್ತಿ ಹಪ್ಪಳ ತಿರುವಿ ಹಾಕುವಾಗ ಕೆಳಗೆ ಜೋಪಡಿಗಳ ಮುಂದೆ ಹೊಸದಾಗಿ ಹೂಡಿದ ಒಲೆಗಳು ಕಣ್ಣಿಗೆ ಬೀಳುತ್ತಿದ್ದವು.

ಮೂರನೇ ದಿನ ಶಾಂತಪ್ಪ ಊಟಕ್ಕೆ ಕೂತಾಗ ತಟ್ಟೆಯಲ್ಲಿ ಬರೀ ಜೋಳದ ಹಿಟ್ಟಿತ್ತು. ತಟ್ಟದ, ಸುಡದ ಹಸಿ ಹಿಟ್ಟು.

"ಇದೇನು?"

"ಸ್ಟೇ ಬಂದೈತಿ. ರೊಟ್ಟಿ ಕೆಲಸ ಬಂದ್."

"ನಿನ್ನ ಸಲುವಾಗಿ ಬಡದಾಡಾಕತ್ತೀನಿ. ನನ್ನ ಮ್ಯಾಲ ಸ್ಟೇ?"

"ನನ್ನ ಸಲುವಾಗಿ ಅಂದ್ರ ನನ್ನ ಕೇಳ್ರಿ. ಇವತ್ತ ಇವನ್ನ ನಿಂದ್ರಿಸಿದ್ರ ನಾಳೆ ಮತ್ತೊಬ್ಬ ಬರ್ತಾನ. ಅಳತಿ ಸರಿ ಮಾಡ್ಕೊಂಡ ಬರ್ತಾನ. ಆವಾಗ ನಮ್ಮ ಕೈಯಾಗ ಏನೂ ಇರೂದಿಲ್ಲ. ಈಗ ಎರಡು ಅಡಿ ಐತಿ. ನನಗ ಕೇಸ್ ಬ್ಯಾಡ, ಬಿಸಿಲು ಬೇಕು."

"ಬಿಸಿಲು ಹೆಂಗ ಕೊಡ್ತಾನ? ಚೀಲದಾಗ ತುಂಬಿ?"

"ಅದನ್ನ ನಿಮ್ಮ ಮಗಳು ಹೇಳ್ತಾಳ."

ಲಹರಿ ಎರಡು ದಿನದಿಂದ ಅಮೀರ್‌ಪೇಟ್‌ನ ಕ್ಲಾಸಿನಲ್ಲಿ ಪಾಠ ಬಿಟ್ಟು ಇದನ್ನೇ ಬರೆದಿದ್ದಳು. ಬರೆದದ್ದು ಅಜ್ಜಿಗೆ ಅರ್ಥವಾಗಲೆಂದು ನಡುಮನೆಯ ಕಿಟಕಿಗೆ ಚಾದರ ಹೊದಿಸಿ ಕತ್ತಲೆ ಮಾಡಿದಳು. ನೆಲದ ಮೇಲೆ ಮಸಾಲೆ ಡಬ್ಬಿ ಇಟ್ಟಳು. ಅದು ತಮ್ಮ ಮನೆ. ಪಕ್ಕದಲ್ಲಿ ಅಕ್ಕಿ, ಬೇಳೆ, ಸಕ್ಕರೆ, ರವೆ, ಶೇಂಗಾ ಡಬ್ಬಿಗಳನ್ನು ಒಂದರ ಮೇಲೊಂದು ಏರಿಸಿದಳು, ಅದು ಅಪಾರ್ಟ್‌ಮೆಂಟು. ಆಚೆ ಬದಿಯಿಂದ ಮೊಬೈಲಿನ ಟಾರ್ಚನ್ನು ನಿಧಾನಕ್ಕೆ ಮೇಲೆತ್ತಿದಳು, ಅದು ಸೂರ್ಯ. ಮಸಾಲೆ ಡಬ್ಬಿ ಕತ್ತಲಲ್ಲೇ ಉಳಿಯಿತು.

"ಸತ್ತಿತು ನಮ್ಮ ಮನಿ," ಎಂದಳು ಬಂಡೆಮ್ಮ.

"ತಡಿ ಆಯಿ. ಈಗ ಮ್ಯಾಲಿನ ಎರಡು ಡಬ್ಬಿ ಅಷ್ಟ ಹಿಂದ ಸರಸು."

ಬಂಡೆಮ್ಮ ಶೇಂಗಾ ಮತ್ತು ರವೆಯ ಡಬ್ಬಿಗಳನ್ನು ನಾಲ್ಕು ಬೆರಳು ಹಿಂದಕ್ಕೆ ತಳ್ಳಿದಳು. ಬೆಳಕಿನ ಒಂದು ಗೀಟು ಜಾರಿ ಬಂದು ಮಸಾಲೆ ಡಬ್ಬಿಯ ಮುಚ್ಚಳದ ಮೇಲೆ ಬಿತ್ತು.

"ಬಂತು! ಬಂತು ನೋಡ್ರಿ!" ಪ್ರಫುಲ್ಲಾ ಚಪ್ಪಾಳೆ ಹೊಡೆದಳು.

"ಮ್ಯಾಲಿನ ಎರಡು ಮಹಡಿ ನಮ್ಮ ಕಡೆಯಿಂದ ಹನ್ನೆರಡು ಅಡಿ ಹಿಂದಕ್ಕ ಹೋಗಬೇಕು," ಎಂದಳು ಲಹರಿ. "ಮಾರ್ಚ್ ತಿಂಗಳದಾಗ ಒಂಬತ್ತು ಗಂಟಿ ಹತ್ತು ನಿಮಿಷಕ್ಕ ಮಾಳಿಗಿ ಪಡುವಣ ಅಂಚಿಗೆ ಬಿಸಿಲು ಬರತೈತಿ."

"ಒಂಬತ್ತು ಹತ್ತಕ್ಕ ಎಳಿ ಬಿಸಿಲೇ ಇರತೈತಿ," ಎಂದಳು ಪ್ರಫುಲ್ಲಾ. "ಅಂಚಿಂದ ಚಾಲೂ ಮಾಡಿ, ಬಿಸಿಲು ಸರದಂಗ ನಾ ಸರೀತೀನಿ."

ಶಾಂತಪ್ಪ ಮೊಣಕಾಲೂರಿ ಕೂತು ಡಬ್ಬಿಗಳ ನಡುವಿನ ಸಂದನ್ನು ಅಳೆದರು. ಮತ್ತೊಮ್ಮೆ ಅಳೆದು, "ಲೆಕ್ಕ ಬರೋಬ್ಬರಿ ಐತಿ," ಎಂದರು. "ಈಗರ ರೊಟ್ಟಿ ಸ್ಟೇ ತಗೀರಿ."

ರವಿಶಂಕರನನ್ನು ಕರೆಯಬೇಕಾಗಲಿಲ್ಲ. ಕಲ್ಲಿನ ಸುದ್ದಿ ಕೇಳಿ ಭಾನುವಾರ ತಾನೇ ಬಂದ, ಕೈಯಲ್ಲಿ ಎರಡು ಕಿಲೋ ಮಿಠಾಯಿ. ಪ್ರಫುಲ್ಲಾ ಅದಕ್ಕೆ ಪ್ರತಿಯಾಗಿ ಒಂದು ತಟ್ಟೆ ಕರಿದ ಹಪ್ಪಳ ಇಟ್ಟಳು. ಅವನು ಮಾತಿನ ನಡುವೆ ಹನ್ನೊಂದು ತಿಂದ.

"ಶಾಂತಪ್ಪ ಗಾರು, ನನಗ ಗೊತ್ತಿದ್ದಿಲ್ರಿ. ಎಲ್ಲಾರೂ ಗ್ವಾಡಿನ ಗಡಿ ಅಂತಾರ, ನಾನೂ ಅಂದೆ. ಆ ಎರಡು ಅಡಿ ನನಗ ಕೊಟ್ಟುಬಿಡ್ರಿ. ಪೇಟಿ ಭಾವಕ್ಕ ದುಪ್ಪಟ್ಟು ಕೊಡ್ತೀನಿ."

ಶಾಂತಪ್ಪನ ಕಣ್ಣು ಒಂದು ಗಳಿಗೆ ಮಿನುಗಿದ್ದನ್ನು ಪ್ರಫುಲ್ಲಾ ನೋಡಿದಳು. ಮೇಜಿನ ಕೆಳಗೆ ಅವರ ಕಾಲು ತುಳಿದಳು.

"ರೊಕ್ಕ ಬ್ಯಾಡ್ರಿ. ಮ್ಯಾಲಿನ ಎರಡು ಮಹಡಿ ನಮ್ಮ ಕಡಿಂದ ಹನ್ನೆರಡು ಅಡಿ ಹಿಂದಕ್ಕ ತಗೋರಿ. ಜಾಗಾ ತಗೋರಿ."

ಅವನ ಕೈಯಲ್ಲಿದ್ದ ಹಪ್ಪಳ ಮುರಿದು ತೊಡೆಯ ಮೇಲೆ ಬಿತ್ತು. "ಅಕ್ಕಾ! ಎರಡು ಮಹಡಿ ಅಂದ್ರ ಎರಡು ರೂಮು ಹೋಗ್ತಾವ! ಎರಡು ಅಡಿ ಮಣ್ಣಿಗೆ ಎರಡು ರೂಮಾ?"

"ಮಣ್ಣಿಗಲ್ಲಪ್ಪಾ," ಎಂದಳು ಬಂಡೆಮ್ಮ. "ಆ ಎರಡು ಅಡಿ ಇಲ್ಲಂದ್ರ ನಿನ್ನ ಐದು ಮಹಡಿ ಎಲ್ಲೈತಿ? ಗುಂಡ್ಯಾಗ ಐತಿ."

"ಒಂದು ಮಹಡಿ ಸರಸ್ತೀನಿ. ಚೂಡಂಡಿ, ನೋಡ್ರಿ, ಅದಕ್ಕೂ ನನ್ನ ಪಾರ್ಟ್ನರ್ ಬೈತಾನ."

"ಒಂದು ಸರಿಸಿದ್ರ ಬಿಸಿಲು ನಿನ್ನ ಪಾರ್ಟ್ನರ್ ಮಾರಿ ಮ್ಯಾಲ ಬೀಳತೈತಿ, ನಮ್ಮ ಮಾಳಿಗಿ ಮ್ಯಾಲ ಅಲ್ಲ. ಎರಡು."

"ಎಂಟು ಅಡಿ?"

"ಹನ್ನೆರಡು."

"ಹತ್ತು, ಅಮ್ಮಾ! ನಿಮ್ಮ ಮಗ ಇದ್ದಂಗ ನಾನು."

"ನನ್ನ ಮಗಗ ಐದು ದಿನದಿಂದ ತುಪ್ಪ ಹಾಕಿಲ್ಲ. ಹನ್ನೆರಡು."

ಆಗ ಲಹರಿ ತನ್ನ ಲ್ಯಾಪ್‌ಟಾಪು ತಿರುಗಿಸಿ ಅವನ ಮುಂದಿಟ್ಟಳು. ಹಿಂದೆ ಸರಿದ ಎರಡು ಮಹಡಿ, ಅವುಗಳ ಮುಂದೆ ಹನ್ನೆರಡು ಅಡಿ ಬಯಲು. ಆ ಬಯಲಿನಲ್ಲಿ ಆಕೆ ಸುಮ್ಮನೆ ಎರಡು ಕುರ್ಚಿ, ಒಂದು ಹೂವಿನ ಕುಂಡ, ಒಂದು ತೂಗುಯ್ಯಾಲೆ ಬರೆದಿದ್ದಳು. ರವಿಶಂಕರ್ ಅದನ್ನು ಹಿಗ್ಗಿಸಿ ನೋಡಿದ, ತಲೆ ಓರೆ ಮಾಡಿ ನೋಡಿದ. ಮುಖದ ಮೇಲಿನ ಗಂಟು ಒಂದೊಂದೇ ಬಿಚ್ಚಿತು.

"ಮನೀಗೆ ಸ್ವಂತ ಓಪನ್ ಟೆರೇಸ್... ಇದಕ್ಕ ರೇಟ್ ಜಾಸ್ತಿ ಐತಿ, ಗೊತ್ತೇನಮ್ಮಾ ನಿನಗ?"

"ಗೊತ್ತೈತಿ ಅಂಕಲ್. ಅದಕ್ಕ ಉಯ್ಯಾಲಿ ಬರದೀನಿ."

ಅವನು ಹೊಟ್ಟೆ ಕುಲುಕಿಸಿ ನಕ್ಕು ಹನ್ನೆರಡನೇ ಹಪ್ಪಳಕ್ಕೆ ಕೈಹಾಕಿದ. "ಆಯ್ತು. ಕಾಗದ ಮಾಡಸ್ರಿ. ಮತ್ತೇನೈತಿ?"

"ಇನ್ನೊಂದೈತಿ," ಎಂದಳು ಬಂಡೆಮ್ಮ. "ವರ್ಷಕ್ಕೊಮ್ಮೆ ದಸರಾಕ್ಕ ನಾವು ಆ ಕಡೆ ಬಂದು ನಮ್ಮ ಗ್ವಾಡಿಗೆ ಸುಣ್ಣ ಬಳೀತೀವಿ. ನಿನ್ನ ವಾಚ್‌ಮನ್ ತಡೀಬಾರದು. ಅದನ್ನೂ ಬರಿ."

ಬರೆದರು. ರಿಜಿಸ್ಟ್ರಿ ಆಫೀಸಿನ ಗುಮಾಸ್ತನು ಸುಣ್ಣದ ಆ ಸಾಲನ್ನು ಎರಡು ಸಲ ಓದಿ, ಬಂಡೆಮ್ಮನ ಮುಖ ನೋಡಿ, ತೆಪ್ಪಗೆ ಮುದ್ರೆ ಒತ್ತಿದ. ತಿದ್ದಿದ ನಕ್ಷೆ ಪಟ್ಟಣ ಯೋಜನೆಯ ಆಫೀಸಿಗೆ ಹೋಯಿತು. ಮೂರು ವಾರ ಮನೆಯಲ್ಲಿ ಅದೊಂದೇ ಮಾತು. ಫೋನು ಗುಣುಗುಟ್ಟಿದರೆ ನಾಲ್ವರೂ ಜಿಗಿಯುತ್ತಿದ್ದರು. ಒಪ್ಪಿಗೆ ಬಂದ ದಿನ ಶಾಂತಪ್ಪನಿಗೆ ತುಪ್ಪವೂ ಬಂತು.

ಆಮೇಲೆ ಕಟ್ಟಡ ಎದ್ದ ಬಗೆಯೇ ಬಗೆ. ಒಂದು ರಾತ್ರಿ ಮಲಗಿ ಏಳುವಷ್ಟರಲ್ಲಿ ಒಂದು ಮಹಡಿ ಏರುತ್ತಿತ್ತೆಂದು ಗಲ್ಲಿಯವರ ಅಂಬೋಣ. ಪ್ರಫುಲ್ಲಾಳಿಗೆ ಬಿಸಿಲು ದಿನಕ್ಕಿಷ್ಟರಂತೆ ಕರಗಿತು. ಏಳಕ್ಕೆ ಬರುತ್ತಿದ್ದುದು ಏಳೂವರೆಗೆ, ಎಂಟಕ್ಕೆ, ಎಂಟೂವರೆಗೆ. ಪ್ರತಿ ಸಲವೂ ಆಕೆಗೆ ಅದೇ ಯೋಚನೆ: ಕಾಗದದ ಮೇಲಿನ ಸೂರ್ಯ ಮಾತು ತಪ್ಪಿದರೆ? ಎರಡು ಅಡಿ ಹೋಯಿತು, ಬಿಸಿಲೂ ಹೋಯಿತು ಎಂದಾದರೆ? ನಾಲ್ಕನೇ ಮಹಡಿಯ ಕಂಬ ಹಾಕುವ ದಿನ ಶಾಂತಪ್ಪ ತಲೆಗೆ ಹೆಲ್ಮೆಟ್ ಹಾಕಿ ಟೇಪಿನ ಜೊತೆ ಮೇಲೆ ಹೋದರು.

"ಹನ್ನೆರಡು ಅಡಿಗೆ ಕಾಲಿಂಚು ಕಮ್ಮಿ ಐತಿ ಅಮರಯ್ಯಾ."

"ಕಾಲಿಂಚು ಪ್ಲಾಸ್ಟರ್‌ನಾಗ ಹೋಗತೈತ್ರಿ ಸಾಹೇಬ್ರ."

"ನನ್ನ ಕೈಯಾಗ ಎಂದೂ ಹೋಗಿಲ್ಲ. ಸರಸು."

ಅಮರಯ್ಯ ಸರಿಸಿದ. ಇಪ್ಪತ್ತೆಂಟು ಮಂದಿಯೂ ಬೈದುಕೊಂಡು ಸರಿಸಿದರು.

ಮಾರ್ಚ್ ಮೂರನೇ ವಾರ ಐದನೇ ಮಹಡಿಯ ಸ್ಲಾಬ್ ಮುಗಿದು, ಸುತ್ತಲಿನ ಕಟ್ಟಿಗೆ ಬಿಚ್ಚಿದರು. ಮರುದಿನ ಬೆಳಿಗ್ಗೆ ಎಂಟೂ ಮುಕ್ಕಾಲಿಗೇ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ. ಪ್ರಫುಲ್ಲಾ ಇನ್ನೂರು ಹಪ್ಪಳ ಲಟ್ಟಿಸಿ ಒದ್ದೆ ಬಟ್ಟೆ ಮುಚ್ಚಿಟ್ಟಿದ್ದಳು. ಬಂಡೆಮ್ಮನಿಗೆ ಕುರ್ಚಿ ಹಾಕಿತ್ತು. ಗಲ್ಲಿಯ ಹೆಂಗಸರು ಅವರವರ ಮಾಳಿಗೆಯ ಮೇಲೆ ನಿಂತಿದ್ದರು, ಗ್ರಹಣ ನೋಡಲು ಬಂದವರ ಹಾಗೆ.

ಒಂಬತ್ತು ಐದು. ಪಡುವಣ ಅಂಚಿನಲ್ಲಿ ಇನ್ನೂ ನೆರಳು.

ಒಂಬತ್ತು ಹತ್ತು. ಶಾಂತಪ್ಪ ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದರು.

ಒಂಬತ್ತು ಹದಿನೈದು. ಬಿಸಿಲಿಲ್ಲ.

ಪ್ರಫುಲ್ಲಾ ಮಗಳ ಕಡೆ ತಿರುಗಿದಳು. "ಲಹರಿ?"

"ಲೆಕ್ಕ ಸರಿ ಐತವ್ವಾ... ಮೂರು ಸಲ ಮಾಡೀನಿ..." ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. "ಎಲ್ಲಿ ತಪ್ಪಿತೋ ಗೊತ್ತಿಲ್ಲ."

"ನನ್ನ ಅಳತಿಯಂತೂ ತಪ್ಪಿಲ್ಲ!" ಎಂದರು ಶಾಂತಪ್ಪ, ಆದರೆ ದನಿಯಲ್ಲಿ ಜೀವವಿರಲಿಲ್ಲ.

ಬಂಡೆಮ್ಮ ಹಣೆಗೆ ಕೈ ಅಡ್ಡ ಹಿಡಿದು ಕಟ್ಟಡದ ನೆತ್ತಿಯನ್ನೇ ನೋಡುತ್ತಿದ್ದಳು. ಎಂಬತ್ತು ವರ್ಷದ ಕಣ್ಣು, ಆದರೆ ಹದ್ದಿಗೂ ಅಷ್ಟು ಚುರುಕಿಲ್ಲ. ತಟ್ಟನೆ ಎದ್ದು ನಿಂತಳು. ಆಕೆ ಕೂಗಿದ ಕೂಗು ಕೂಕಟ್‌ಪಲ್ಲಿಗೂ ಕೇಳಿಸಿರಬೇಕು.

"ಅಮರ್ಯಾ! ಏ ಅಮರ್ಯಾ! ನಿಮ್ಮ ಲುಂಗಿ ತಗೀರೋ!"

ಎಲ್ಲರೂ ನೋಡಿದರು. ಸ್ಲಾಬ್ ಮುಗಿದ ಖುಷಿಗೆ ಇಪ್ಪತ್ತೆಂಟು ಮಂದಿಯೂ ಅಂದು ನಸುಕಿನಲ್ಲೇ ಮಿಂದು, ಬಟ್ಟೆ ಒಗೆದು, ಐದನೇ ಮಹಡಿಯ ನೆತ್ತಿಯ ಮೇಲೆ ಕಂಬಿಯಿಂದ ಕಂಬಿಗೆ ಹಗ್ಗ ಎಳೆದು ಒಣಹಾಕಿದ್ದರು. ಲುಂಗಿ, ಚಾದರ, ಕೌದಿ, ಒಂದು ದೊಡ್ಡ ನೀಲಿ ತಾಡಪತ್ರಿ. ಇನ್ನೊಂದು ಆರನೇ ಮಹಡಿಯೇ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಇನ್ನ ಹಸಿ ಅದಾವ ಯವ್ವಾ!" ಎಂದು ಮೇಲಿನಿಂದ ಅಮರಯ್ಯ ಕೂಗಿದ.

"ನನ್ನ ಸೊಸಿ ಹಪ್ಪಳಾನೂ ಹಸೀನ ಅದಾವ! ತಗೀ!"

ಗಲ್ಲಿ ಬಿದ್ದು ಬಿದ್ದು ನಕ್ಕಿತು. ಮೇಲೆ ಇಬ್ಬರು ಮೂವರು ಓಡಿಬಂದು ಹಗ್ಗ ಜಗ್ಗಿದರು. ತಾಡಪತ್ರಿ ಸರ್ರನೆ ಇಳಿಯಿತು.

ಬಿಸಿಲು ಬಂತು. ಪಡುವಣ ಅಂಚಿನಲ್ಲಿ ಮೊದಲು ಒಂದು ಗೇಣು, ಆಮೇಲೆ ಒಂದು ಮೊಳ. ಹಳೆಯ ಸೀರೆಯ ಹಸಿರು ಅಂಚು ಒಮ್ಮೆಲೇ ಗಿಣಿಯ ಬಣ್ಣವಾಯಿತು. ಲಹರಿ ಅಜ್ಜಿಯನ್ನು ತಬ್ಬಿ ಕುಣಿಸಿದಳು. ಪ್ರಫುಲ್ಲಾ ಬಾಗಿ ಅಂಗೈ ನೆಲಕ್ಕಿಟ್ಟು ನೋಡಿದಳು. ಎಳೆ ಬಿಸಿಲು, ತನಗೆ ಬೇಕಾದಷ್ಟೇ ಬೆಚ್ಚಗೆ. ಒದ್ದೆ ಬಟ್ಟೆ ತೆಗೆದು ಮೊದಲ ಹಪ್ಪಳವನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

ಅಷ್ಟರಲ್ಲಿ ಶಾಂತಪ್ಪ ಟೇಪು ಬಿಚ್ಚಿ, ಆ ಬಿಸಿಲಿನ ನಟ್ಟನಡುವೆ ನಿಂತು, ಅದು ಎಷ್ಟು ಅಗಲವಿದೆಯೆಂದು ಅಳೆಯತೊಡಗಿದ್ದರು.

"ಏನ್ರೀ, ಆ ಕಡೆ ಸರೀರಿ. ನಿಮ್ಮ ನೆರಳು ಬೀಳಾಕತ್ತೈತಿ."

"ಒಂದ ನಿಮಿಷ ತಡಿ, ಪ್ರಫುಲ್ಲಾ..."

"ಎರಡು ಮಹಡಿ ಹಿಂದ ಸರಿಸೇನಿ. ನಿಮ್ಮನ್ನ ಸರಸಾಕ ಎಷ್ಟೊತ್ತು?"

ಶಾಂತಪ್ಪ ಸರಿದರು.